ಅಮಾವಾಸ್ಯೆಗೆ ಮುಂಚೆ ಬಂದ ಮಣ್ಣೆತ್ತುಗಳು

"ಏನೂ ಖರೀದಿ ಮಾಡಬ್ಯಾಡ್ರಿ ಸರ್. ಮನ್ಯಾಗ ಏನೈತಿ ಅದರಾಗ ಕೈಗೆ ಕೆಲಸ ಹಚ್ರಿ" ಎಂದು ಕೊಪ್ಪಳದ ಫಿಜಿಯೋಥೆರಪಿ ಡಾಕ್ಟರಮ್ಮ ಹೇಳಿದ ದಿನದಿಂದ ನನ್ನ ನೆಮ್ಮದಿ ಹೋಯಿತು. ಖರೀದಿ ಮಾಡಿ ಎಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂಗಡಿಗೆ ಹೋಗಿ ಚೀಟಿ ತೋರಿಸಿ, ಕೊಟ್ಟದ್ದನ್ನು ತಂದು, ಕೆಲಸಕ್ಕೆ ಬಾರದಿದ್ದರೆ ಅಂಗಡಿಯವನನ್ನು ಬೈದುಕೊಂಡು ಇರಬಹುದಿತ್ತು. ಮನೆಯಲ್ಲಿ ಇರುವುದರಲ್ಲೇ ಎಂದ ಮೇಲೆ ಹುಡುಕುವ ಭಾರವೂ ನನ್ನದು, ಸಿಗದಿದ್ದರೆ ಬರುವ ಅಪವಾದವೂ ನನ್ನದು.

ಕೈ ನನ್ನ ಹೆಂಡತಿಯದು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೋಪಿನ ನೀರಿನಲ್ಲಿ ಜಾರಿ, ಬಲಗೈ ಊರಿಕೊಂಡು ಬಿದ್ದಿದ್ದಳು. ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದಾಗ ಎಲುಬು ಕೂಡಿಕೊಂಡಿತ್ತು, ಬೆರಳುಗಳು ಮಾತ್ರ ಮಡಚಲೊಲ್ಲವು. ಕಾಣದ ಚಹಾದ ಲೋಟವೊಂದನ್ನು ಹಿಡಿದುಕೊಂಡಂತೆ ಅಂಗೈ ಅರ್ಧ ತೆರೆದೇ ಇರುತ್ತಿತ್ತು. ಬೇರೆಯವರಿಗಾದರೆ ಅದು ಬರೀ ತೊಂದರೆ. ಯಲಬುರ್ಗಾದ ನಮ್ಮ ಓಣಿಯಲ್ಲಿ ಅವಳು ಹೆಂಗಸರ ಜಂಪರ್ ಹೊಲಿಯುವವಳು. ಮದುವೆಯಾಗಿ ಬಂದಾಗ ತವರಿನಿಂದ ತಂದ ಹೊಲಿಗೆ ಮಷಿನ್ನು, ಅದರ ಜತೆ ಬಂದ ಭಾರವಾದ ಕಬ್ಬಿಣದ ಕತ್ತರಿ. ಆ ಕತ್ತರಿಯನ್ನು ಹಿಡಿಯಬೇಕಾದರೆ ಮುಷ್ಟಿ ಪೂರ್ತಿ ಮುಚ್ಚಬೇಕು. "ಈಗ ಬಿಟ್ರ ಗಂಟು ಬಿಗೀತಾವ. ಆಮ್ಯಾಲೆ ನಾವೇನೂ ಮಾಡಾಕ ಬರಂಗಿಲ್ಲ" ಎಂದರು ಡಾಕ್ಟರಮ್ಮ. ಮಣಿ ಪೋಣಿಸಿ, ಹೆಣೆಯಿರಿ, ಹಿಚುಕಿ, ಮೆತ್ತಿ. ಮಕ್ಕಳು ಶಾಲೆಯಲ್ಲಿ ಕೈಕೆಲಸ ಮಾಡುವಂತೆ ಏನಾದರೂ ಮಾಡುತ್ತಲೇ ಇರಿ ಎಂದರು.

ಚಿಂತೆಯ ವಿಷಯದಲ್ಲಿ ನಾನು ಶ್ರಮಜೀವಿ. ಮನೆಗೆ ಬೀಗ ಹಾಕಿ ಬಸ್ ನಿಲ್ದಾಣದವರೆಗೆ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವವನು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದದ್ದರಿಂದ ಈ ಗುಣವನ್ನು ಎಚ್ಚರಿಕೆ ಎಂದು ಕರೆಯುತ್ತಾರೆ. ಅಂದು ಕೊಪ್ಪಳದಿಂದ ಬರುವಾಗ ಬಸ್ಸಿನಲ್ಲಿ ಎದುರಿನ ಕಂಬಿ ಹಿಡಿದವರ ಕೈಗಳನ್ನೇ ನೋಡುತ್ತ ಬಂದೆ. ಎಲ್ಲರ ಬೆರಳೂ ಮಡಚುತ್ತಿದ್ದವು. ಯಾರೂ ಅದನ್ನೊಂದು ಭಾಗ್ಯವೆಂದು ಎಣಿಸಿದಂತೆ ಕಾಣಲಿಲ್ಲ.

ಮೊದಲು ಮೊಬೈಲಿನಲ್ಲಿ ಕೈಕೆಲಸದ ವಿಡಿಯೋ ನೋಡಿದೆ. ಎಲ್ಲರ ಮನೆಯಲ್ಲೂ ಬಿದ್ದಿರುವ ವಸ್ತುಗಳು ಎಂದೇ ಅವು ಶುರುವಾಗುತ್ತಿದ್ದವು: ಟಿಶ್ಯೂ ಪೇಪರ್ ಸುತ್ತಿ ಮುಗಿದ ರಟ್ಟಿನ ಕೊಳವೆ, ಮೊಟ್ಟೆಯ ಟ್ರೇ, ಐಸ್‌ಕ್ರೀಮಿನ ಕಡ್ಡಿ. ನಮ್ಮಲ್ಲಿ ಕೈ ಒರೆಸಲು ಟವೆಲ್ಲಿದೆ. ಮೊಟ್ಟೆ ಮನೆಗೆ ಬರುವುದಿಲ್ಲ. ಐಸ್‌ಕ್ರೀಮು ತಿಂದರೆ ನನಗೆ ಗಂಟಲು ಹಿಡಿಯುತ್ತದೆ, ಅಥವಾ ಹಿಡಿದೀತು ಎಂಬ ಭಯ ಹಿಡಿಯುತ್ತದೆ. ಎಲ್ಲರ ಮನೆ ಎಂಬುದರಲ್ಲಿ ನಮ್ಮ ಮನೆ ಸೇರಿರಲಿಲ್ಲ.

ಸರಿ, ನಮ್ಮ ಮನೆಯಲ್ಲಿ ಇರುವುದನ್ನು ನೋಡೋಣವೆಂದು ಕಸಬರಿಗೆಯಿಂದ ನಾಲ್ಕಾರು ಕಡ್ಡಿ ಎಳೆದೆ. ಚಿಕ್ಕ ಚಾಪೆ ಹೆಣೆಯಬಹುದು ಎಂಬ ಯೋಚನೆ.

"ಏನ್ರಿ ಅದು ನಿಮ್ಮ ಕೈಯಾಗ?" ಒಳಗಿನಿಂದ ಹೆಂಡತಿ ಕೇಳಿದಳು.

"ಕಡ್ಡಿ."

"ಎಲ್ಲೀವು?"

ಕಸಬರಿಗೆ ತೋರಿಸಿದೆ.

"ಲಕ್ಷ್ಮೀನ ಕಿತ್ತು ಕೈಯಾಗ ಹಿಡಕೊಂಡು ನಿಂತೀರಲ್ರಿ! ಮದ್ಲ ದುಡಿಯೂ ಕೈ ಒಂದು ಮೂಲ್ಯಾಗ ಕುಂತೈತಿ. ಇನ್ನ ಲಕ್ಷ್ಮೀನೂ ಎದ್ದು ಹೋಗ್ಲಿ ಅಂತೇನು?"

ಕಡ್ಡಿಗಳನ್ನು ಮತ್ತೆ ಸಿಕ್ಕಿಸಿದೆ. ಅವು ನಿಲ್ಲಲಿಲ್ಲ. ಮುಂದೆ ಒಂದು ವಾರ ಕಸ ಗುಡಿಸಿದಾಗಲೆಲ್ಲ ಒಂದೊಂದು ಕಡ್ಡಿ ಉದುರಿ ನನ್ನ ಕಡೆಗೆ ಬೊಟ್ಟು ಮಾಡುತ್ತಿತ್ತು.

ಹಳೆಯ ಪತ್ರಿಕೆಗಳನ್ನು ಹರಿದು ಬಕೆಟ್ಟಿನಲ್ಲಿ ನೆನೆಹಾಕಿದೆ. ನೆನೆದ ಕಾಗದವನ್ನು ಹಿಂಡಿ ಹಿಂಡಿ ಬುಟ್ಟಿ ಮಾಡಬಹುದು, ಹಿಂಡುವುದೇ ವ್ಯಾಯಾಮ. ಅವಳು ಬಕೆಟ್ಟಿನೊಳಗೆ ಬಗ್ಗಿ ನೋಡಿದಳು.

"ಅಕ್ಷರ ಅವ ಇದರಾಗ. ನನ್ನ ಕೈಲೆ ಅಕ್ಷರ ಹಿಂಡಿಸ್ತೀರೇನು?"

"ಇದರಾಗ ಮಿರ್ಚಿ ಬಜಿ ಕಟ್ಟಿ ಕೊಡ್ತಾರಲ್ಲ, ಅವಾಗ?"

"ಅದು ಬಜಿ. ಬಜಿ ಬ್ಯಾರೆ."

ಇಪ್ಪತ್ತು ವರ್ಷದ ಕಚೇರಿ ಅನುಭವದಲ್ಲಿ ಇಷ್ಟು ಸ್ಪಷ್ಟವಾದ ಆದೇಶವನ್ನು ನಾನು ಕಂಡಿಲ್ಲ. ಬೇಸಿಗೆಯ ಝಳಕ್ಕೆ ಆ ಬಕೆಟ್ಟು ನಾರತೊಡಗಿ, ಕೊನೆಗೆ ದಾಸವಾಳದ ಗಿಡದ ಬುಡಕ್ಕೆ ಹೋಯಿತು.

ಗೋಧಿ ಹಿಟ್ಟು ಕಲಸಿ ಕೊಡಲು ಹೋದರೆ, ಅನ್ನ ಆಟದ ಸಾಮಾನಲ್ಲ ಎಂದಳು. ಮಷಿನ್ನಿನ ಕೆಳಗೆ ಗಂಟುಕಟ್ಟಿ ಇಟ್ಟಿದ್ದ ಬಟ್ಟೆ ಚೂರುಗಳಿಗೆ ಕೈ ಹಾಕಿದೆ. ಅವು ಗಿರಾಕಿಗಳವು, ನಮ್ಮವಲ್ಲ, ನಾಳೆ ಕೇಳಿದರೆ ಏನು ಕೊಡಲಿ ಎಂದಳು. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಚೂರು ಕೇಳಿಕೊಂಡು ಬಂದಿಲ್ಲ. ಆದರೂ ಯಾರ ಚೂರು ಯಾವ ಗಂಟಿನಲ್ಲಿದೆ ಎಂಬುದು ಅವಳಿಗೆ ಗೊತ್ತು. ಹೀಗೆ ಒಂದೊಂದಾಗಿ ಮುಟ್ಟುತ್ತ ಹೋದಂತೆ ಗಾಬರಿಯಾಗತೊಡಗಿತು. ನಮ್ಮ ಮನೆಯಲ್ಲಿ ಬರೀ ವಸ್ತು ಅನ್ನುವುದೇ ಇರಲಿಲ್ಲ. ಪ್ರತಿಯೊಂದೂ ದೇವರು, ಇಲ್ಲವೇ ಅನ್ನ, ಇಲ್ಲವೇ ಇನ್ನೊಬ್ಬರದು. ಅವಳ ಅಂಗೈ ಹಾಗೇ ಅರ್ಧ ತೆರೆದು ಕಾಯುತ್ತಿತ್ತು, ದಿನಗಳು ಹೋಗುತ್ತಿದ್ದವು.

ಸೈಕಲ್ ಅಂಗಡಿಯ ಚಾಚಾ ಒಂದು ಹಳೆಯ ಟ್ಯೂಬು ಕೊಟ್ಟರು. "ಒಯ್ರಿ ಸಾಬ್. ಪಂಚರ್ ಆದ್ರೇನಾತು, ಬೆರಳಿಗೆ ಗಾಳಿ ಹಾಕಬೇಕಾಗಿಲ್ಲಲ್ಲ" ಎಂದು ನಕ್ಕರು. ರಬ್ಬರಿಗೆ ದೇವರಿಲ್ಲದ್ದರಿಂದ ಅದು ಮನೆಯೊಳಗೆ ಬಂತು. ಕತ್ತರಿಸಿ ಬಳೆಗಳಂತೆ ಮಾಡಿ ಬೆರಳಿಗೆ ಹಾಕಿಕೊಟ್ಟೆ. ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮ ನೋಡಿ, "ಇದು ಕೈ ತೆರಿಯಾಕ ಛಲೋ ಸರ್. ನಮಗ ಮುಚ್ಚಬೇಕಾಗೈತಿ. ಮಣ್ಣು ಹಿಚಕಿಸ್ರಿ" ಎಂದರು.

ಮಣ್ಣು! ನೋಡಿದತ್ತ ಕರಿಮಣ್ಣಿನ ಎರೆಹೊಲ ಇರುವ ತಾಲ್ಲೂಕಿನಲ್ಲಿ ಕುಳಿತು ನಾನು ಟಿಶ್ಯೂ ಪೇಪರಿನ ಕೊಳವೆ ಹುಡುಕುತ್ತಿದ್ದೆ.

ಊರ ಹೊರಗಿನ ಹಳ್ಳದ ದಂಡೆಯಿಂದ ಎರೆಮಣ್ಣು ತಂದೆ. ಗಾಜಿನ ಚೂರಿದ್ದರೆ? ಜಾಲಿಮುಳ್ಳು? ಚೇಳು? ಕುಟ್ಟಿ, ಮೈದಾಹಿಟ್ಟಿನಂತೆ ಜರಡಿ ಹಿಡಿದು, ಮತ್ತೊಮ್ಮೆ ಕೈಯಾಡಿಸಿ, ನೀರು ಹಾಕಿ ಕಲಸಿ ತಟ್ಟೆಯಲ್ಲಿ ಅವಳ ಮುಂದಿಟ್ಟೆ. "ಹಿಚಕು, ಬಿಡು. ಮತ್ತ ಹಿಚಕು. ನಾ ಬರೂತನಾ ಅಷ್ಟ ಮಾಡಿಕೋತ ಇರು" ಎಂದು ಹೇಳಿ ಕಚೇರಿಗೆ ಹೋದೆ. ಇಷ್ಟು ಅಗ್ಗದ, ಎಷ್ಟು ಸಲ ಬೇಕಾದರೂ ಬಳಸಬಹುದಾದ ವಸ್ತು ಸಿಕ್ಕಿತೆಂದು ಆ ದಿನ ಮಧ್ಯಾಹ್ನ ನಿಶ್ಚಿಂತೆಯಿಂದ ಊಟ ಮಾಡಿದೆ. ಸಂಜೆ ಬಂದು ನೋಡಿದರೆ ಕಿಟಕಿಯ ಕಟ್ಟೆಯ ಮೇಲೆ ಎರಡು ಎತ್ತು, ಮುಂದೊಂದು ಮೇವಿನ ಗೋದಲಿ.

"ಏನಿದು?"

"ಎತ್ತು. ಕಾಣಂಗಿಲ್ಲೇನು?"

ನಿಜ ಹೇಳಬೇಕೆಂದರೆ ಆಲೂಗಡ್ಡೆಗೆ ಕಾಲು ಮೂಡಿದಂತೆ ಇದ್ದವು.

"ಹಿಚಕಾಕ ಹೇಳ್ಯಾರ, ಎತ್ತು ಮಾಡಾಕ ಅಲ್ಲ."

"ಎರಿಮಣ್ಣು ಕಲಸಿ ಕೈಯಾಗ ಕೊಟ್ರ ಇನ್ನೇನ್ ಮಾಡ್ತಾರ್ರಿ?"

ಅದೂ ಸರಿಯೇ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆಯ ಪ್ರತಿ ಮನೆಯಲ್ಲೂ ಎರೆಮಣ್ಣಿನ ಜೋಡೆತ್ತು ಮಾಡಿ ಪೂಜೆ ಮಾಡುತ್ತಾರೆ. ಚಿಕ್ಕಂದಿನಿಂದ ಆ ಮಣ್ಣಿನಲ್ಲಿ ನಮ್ಮ ಕೈ ಕಲಿತದ್ದು ಅದೊಂದೇ ಆಕಾರ. ಇರಲಿ, ನಾಳೆ ಇದೇ ಮಣ್ಣಿನಿಂದ ಮತ್ತೆ ಶುರುಮಾಡಿದರಾಯಿತು ಎಂದು ಎತ್ತುಗಳನ್ನು ಒಟ್ಟುಗೂಡಿಸಿ ಮುದ್ದೆ ಮಾಡಲು ಕೈಚಾಚಿದೆ.

"ಏಯ್! ಬಸವಣ್ಣ ಅದು!"

ಕೈ ಹಿಂದಕ್ಕೆ ತೆಗೆದುಕೊಂಡೆ. ತಪ್ಪು ನನ್ನದೇ. ಮಣ್ಣು ಎತ್ತಾದ ಮೇಲೆ ಅದು ಮಣ್ಣಲ್ಲ. ಮುರಿಯುವಂತಿಲ್ಲ, ಹಿಚುಕುವಂತಿಲ್ಲ, ನೀರಿಗೆ ಬಿಡಬೇಕು. ಇದು ನನಗೂ ಗೊತ್ತಿದ್ದ ಸಂಗತಿ. ನಾನೂ ಇದೇ ನೆಲದವನು. ಆದರೂ ಎಷ್ಟು ಸಲ ಬೇಕಾದರೂ ಬಳಸಬಹುದು ಎಂದುಕೊಂಡು ನೆಮ್ಮದಿಯಿಂದ ಉಂಡಿದ್ದೆ.

ಮರುದಿನ ಹೊಸ ಮಣ್ಣು ತಂದು ಷರತ್ತು ಹಾಕಿದೆ: "ಬರೇ ಉಂಡಿ ಮಾಡು. ಎತ್ತು ಬ್ಯಾಡ." ಸಂಜೆ ಉಂಡೆಯ ಮೇಲೆ ವಿಭೂತಿಯ ಪಟ್ಟೆಗಳಿದ್ದವು. "ಕೆಳಗ ಒಂಚೂರು ಮಣ್ಣು ಹತ್ತಿತ್ರಿ. ಪೀಠ ಕಂಡಂಗ ಕಂಡಿತು. ಲಿಂಗ ಆತು, ನಾ ಏನ್ ಮಾಡ್ಲಿ?" ಅದರ ಮರುದಿನ ಹಗ್ಗದಂತೆ ಹೊಸೆಯಲು ಹೇಳಿದೆ. ಹೊಸೆದಳು. ಹಗ್ಗ ಸುರುಳಿ ಸುತ್ತಿಕೊಂಡಿತು, ಹೆಡೆ ಎತ್ತಿತು, ನಾಗಪ್ಪನಾಯಿತು. ಆಮೇಲೆ ನಾನು ಹೇಳುವುದನ್ನು ಬಿಟ್ಟೆ. ಎತ್ತೇ ಆಗಲಿ ಎಂದೆ. ಒಂಟಿ ಎತ್ತು ಮಾಡಬಾರದಾದ್ದರಿಂದ ಪ್ರತಿ ಸಲವೂ ಜೋಡಿ. ಕಿಟಕಿಯ ಕಟ್ಟೆ ತುಂಬಿ, ಕಪಾಟಿನ ನೆತ್ತಿ ತುಂಬಿ, ಟೀವಿಯ ಪಕ್ಕ, ಕರೆಂಟ್ ಮೀಟರಿನ ಮೇಲೆ ಎತ್ತುಗಳು ನಿಂತವು. ಪ್ರತಿದಿನ ಊದಿನಕಡ್ಡಿ ಬೆಳಗಲು ಮನೆಯೆಲ್ಲ ಸುತ್ತಬೇಕಾಗುತ್ತಿತ್ತು. ನಾನು ಟೀವಿ ಹಚ್ಚುವಾಗ ಕೂಡ ಚಪ್ಪಲಿ ಬಿಟ್ಟಿದ್ದೇನೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದೆ.

ಬಾಡಿಗೆ ಮನೆಯ ಮಾಲಕಿ ಮುದುಕಿ ಒಂದು ದಿನ ಬಾಗಿಲಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಅಲ್ಲಪಾ, ಕಾರಹುಣ್ಣಿಮಿನ ಬಂದಿಲ್ಲ, ಎತ್ತಿನ ಸಂತಿ ಹಚ್ಚಿಯಲ್ಲ! ಜೋಡಿ ಹೆಂಗ ಕೊಡ್ತಿ?"

"ಕೈಗೆ ವ್ಯಾಯಾಮ ಅಜ್ಜಿ."

"ಯಾರ ಕೈಗೆ? ಮಣ್ಣು ತರೂದು ನೋಡಿದ್ರ ವ್ಯಾಯಾಮ ನಿನಗ ಆಗಾಕ ಹತ್ತೈತಿ." ಆಮೇಲೆ ದನಿ ತಗ್ಗಿಸಿ, "ಮುರೀಬ್ಯಾಡ್ರಿ ಮತ್ತ. ನೀರಿಗೆ ಬಿಡ್ರಿ. ಬಕೀಟಿನ ನೀರಲ್ಲ, ದೊಡ್ಡ ನೀರು" ಎಂದಳು.

ಬೇಸಿಗೆಯಲ್ಲಿ, ಯಲಬುರ್ಗಾದಲ್ಲಿ, ದೊಡ್ಡ ನೀರು. ಚಿಂತೆಯ ಗಂಟಿಗೆ ಇನ್ನೊಂದು ಸೇರಿತು.

ಆದರೆ ಎತ್ತುಗಳನ್ನು ಮುರಿಯದೆ ಇಟ್ಟದ್ದರಿಂದ ಒಂದು ಅನುಕೂಲವಾಗಿತ್ತು. ಮೊದಲ ದಿನದವಕ್ಕೆ ಕೋಡೇ ಇರಲಿಲ್ಲ. ಕಪಾಟಿನ ಮೇಲಿನವಕ್ಕೆ ಕೋಡು ಮೂಡಿದ್ದವು, ಹೆಬ್ಬೆರಳು ತೋರುಬೆರಳು ಕೂಡಿ ಚಿವುಟಿದ್ದು ಕಾಣುತ್ತಿತ್ತು. ಟೀವಿಯ ಪಕ್ಕದವಕ್ಕೆ ಬೆನ್ನ ಮೇಲೆ ಹಿಣಿಲು ಬಂತು, ಕತ್ತಿನ ಕೆಳಗೆ ಜೋಲುವ ತೊಗಲು ಬಂತು. ಕಣ್ಣಿಗೆ ಜೋಳದ ಕಾಳನ್ನು ತಾನೇ ಎತ್ತಿ ಒತ್ತಿದ್ದಳು. ನಾನು ಕಚೇರಿಯಿಂದ ಬಂದವನೇ ಹೊಸ ಜೋಡಿಯನ್ನು ಎತ್ತಿ ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದೆ. ಅವಳಿಗೆ ಅದು ಭಕ್ತಿಯಂತೆ ಕಂಡಿರಬೇಕು. ನಾನು ನೋಡುತ್ತಿದ್ದುದು ಎತ್ತಿನ ಹೊಟ್ಟೆಯನ್ನು. ಮಣ್ಣನ್ನು ಹಿಡಿದು ಒತ್ತಿದಾಗ ಅಲ್ಲಿ ಬೆರಳಿನ ಗುರುತು ಬೀಳುತ್ತಿತ್ತು. ಹೆಬ್ಬೆರಳು, ತೋರುಬೆರಳು, ಆಮೇಲೆ ನಡುಬೆರಳು. ಅಷ್ಟಕ್ಕೆ ನಿಂತಿತು. ಉಂಗುರದ ಬೆರಳಿನದು, ಕಿರುಬೆರಳಿನದು ಯಾವ ಎತ್ತಿನ ಹೊಟ್ಟೆಯಲ್ಲೂ ಇರಲಿಲ್ಲ. ದಿನ ಕಳೆದಂತೆ ಎತ್ತುಗಳು ಚೆಂದವಾಗುತ್ತ ಹೋದವು, ಮೂಗುದಾರ ಬಂತು, ಗೊರಸು ಬಂತು. ಹೊಟ್ಟೆಯ ಮೇಲೆ ಮಾತ್ರ ಅವೇ ಮೂರು ಗುರುತು. ಕತ್ತರಿಯ ಹಿಡಿಯ ಕೆಳಗಿನ ಬಳೆಯನ್ನು ಬಿಗಿಹಿಡಿಯುವುದು ಉಳಿದೆರಡು ಬೆರಳು.

ಅವಳಿಗೆ ನಾನು ಹೇಳಲಿಲ್ಲ. ಹೇಳುವುದೂ ಬೇಕಾಗಿರಲಿಲ್ಲ. ಒಂದು ಸಂಜೆ ಮಷಿನ್ನಿನ ಡ್ರಾದಿಂದ ಕತ್ತರಿ ತೆಗೆದಳು. ಬೆರಳು ತೂರಿಸಿದಳು, ಎತ್ತಲು ನೋಡಿದಳು. ಅದು ಓರೆಯಾಗಿ ಮೇಜಿನ ಮೇಲೆ ಬಿತ್ತು. ಮತ್ತೆ ಡ್ರಾದಲ್ಲಿಟ್ಟು, ಚಹಾ ಮಾಡಲೇನು ಎಂದು ಕೇಳಿದಳು. ನಾನು ಪತ್ರಿಕೆ ಓದುತ್ತಿರುವವನಂತೆ "ಹೂಂ" ಅಂದೆ. ಎಷ್ಟು ಹೊತ್ತಿನಿಂದ ಒಂದೇ ಜಾಹೀರಾತನ್ನು ನೋಡುತ್ತಿದ್ದೆನೋ ತಿಳಿಯದು.

ಕೊಪ್ಪಳಕ್ಕೆ ಮತ್ತೆ ಹೋಗುವ ದಿನ, ಅಲ್ಲಿಂದ ಹಾಗೇ ಮುಂದೆ ಹೋಗಿ ಎತ್ತುಗಳನ್ನು ನೀರಿಗೆ ಬಿಟ್ಟು ಬರೋಣವೆಂದು ನಿಶ್ಚಯಿಸಿದೆವು. ಬೇಸಿಗೆಯೆಂದು ಆ ಕಡೆಯ ಕಾಲುವೆಗೆ ನೀರು ನಿಲ್ಲಿಸಿದ್ದರಿಂದ ಸಾಣಾಪುರದ ಕೆರೆಯೇ ಗತಿ. ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ, ಪದರ ಪದರವಾಗಿ ಎತ್ತುಗಳನ್ನು ಮಲಗಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಕೋಡು ಮುರಿಯಿತೇನೋ ಎಂದು ಸೀರೆ ಸರಿಸಿ ನೋಡುತ್ತಿದ್ದೆ. ಬಸ್ಸಿನ ಕುಲುಕಾಟಕ್ಕೆ ಎತ್ತು ಮುರಿದರೆ ಆ ಪಾಪ ಸಾರಿಗೆಯವರಿಗೋ ನನಗೋ ಎಂಬುದು ಇತ್ಯರ್ಥವಾಗಿರಲಿಲ್ಲ.

"ಏನೈತ್ರಿ ಬುಟ್ಟ್ಯಾಗ? ಕೋಳಿ ಏನರ?" ಕಂಡಕ್ಟರು ಕೇಳಿದ.

"ಎತ್ತು."

ಅವನು ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ದೊಡ್ಡ ದನ ಹತ್ತಿಸಂಗಿಲ್ಲ ನೋಡ್ರಿ ಬಸ್ಸಿನ್ಯಾಗ" ಎಂದು ಗಂಭೀರವಾಗಿ ಹೇಳಿ ಮುಂದೆ ಹೋದ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ಅವನು ನಿಜವಾಗಿ ಹೇಳಿದನೋ ಎಂದು ಮುಂದಿನ ನಿಲ್ದಾಣದವರೆಗೂ ಯೋಚಿಸಿದೆ.

ಡಾಕ್ಟರಮ್ಮ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು. "ಮೂರು ಬೆರಳು ಭಾಳ ಛಲೋ ಬಂದಾವ. ಇವೆರಡು ಇನ್ನೂ ಬರಬಹುದು. ಬರದೇನೂ ಇರಬಹುದು. ಬಿಡಬ್ಯಾಡ್ರಿ" ಎಂದರು. ನನ್ನಂಥವನಿಗೆ ಒಮ್ಮೆಗೆ ಇಷ್ಟು ವಾಕ್ಯ ಹೇಳಬಾರದು. ನಾನು ಬರದೇನೂ ಇರಬಹುದು ಎಂಬುದನ್ನು ಮಾತ್ರ ಎತ್ತಿಕೊಂಡು ಬರುತ್ತೇನೆ.

"ಕತ್ತರಿ?" ಹೆಂಡತಿ ಕೇಳಿದಳು.

"ಭಾರ ಕತ್ತರಿ ಸದ್ಯ ಬ್ಯಾಡ್ರಿ ಅಕ್ಕಾರ."

ಗಂಗಾವತಿಗೆ ಬಸ್ಸು, ಅಲ್ಲಿಂದ ಆಟೋ. ಸಾಣಾಪುರದ ಕೆರೆಯಲ್ಲಿ ಪ್ರವಾಸಿಗರು ಹರಗೋಲು ಹತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವು ಬದಿಯ ಬಂಡೆಯ ಮೇಲೆ ಬುಟ್ಟಿ ಬಿಚ್ಚಿದೆವು. ಕ್ಯಾಮೆರಾ ತೂಗುಹಾಕಿಕೊಂಡ ಹುಡುಗಿಯೊಬ್ಬಳು ಓಡಿ ಬಂದಳು.

"ವಾವ್, ಎಷ್ಟು ಚೆನ್ನಾಗಿದೆ! ಆಂಟಿ, ನೀವೇ ಮಾಡಿದ್ದಾ? ಮೆಟೀರಿಯಲ್ ಎಲ್ಲಿಂದ ತರ್ತೀರಾ?"

"ಹಳ್ಳದಿಂದ" ಎಂದೆ ನಾನು, ತಪ್ಪೊಪ್ಪಿಗೆಯ ದನಿಯಲ್ಲಿ.

"ಒಂದು ಜೊತೆ ನನಗೆ ಕೊಡ್ತೀರಾ? ಎಷ್ಟು?"

"ಮಾರೂವಲ್ಲವ್ವಾ ಇವು" ಎಂದಳು ಹೆಂಡತಿ. "ದವಾಖಾನಿ ಎತ್ತು."

ಹುಡುಗಿಗೆ ಏನು ತಿಳಿಯಿತೋ, ಕೈಮುಗಿದು ಹೋದಳು. ಹೆಂಡತಿ ಒಂದೊಂದು ಜೋಡಿಯನ್ನೂ ಬಲಗೈಯಲ್ಲೇ ಎತ್ತಿ ನೀರೊಳಗೆ ಇಳಿಸಿದಳು. ಕರೀ ಮಣ್ಣು ಹೊಗೆಯಂತೆ ಎದ್ದಿತು. ಮೊದಲು ಕೋಡು ಕರಗಿತು, ಆಮೇಲೆ ಹಿಣಿಲು. ಜೋಳದ ಕಣ್ಣುಗಳಿಗೆ ಮೀನು ಬಂದವು. ಅವಳ ಬೆರಳು ಎಷ್ಟು ಬಂದಿವೆ ಎಂಬುದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿಯೆಲ್ಲ ಕಣ್ಣೆದುರು ಕದಡಿ ಹೋಗುತ್ತಿತ್ತು.

ಖಾಲಿ ಬುಟ್ಟಿ ಕೊಡವಿ ಎದ್ದವಳು, "ನಾಳಿ ಮಣ್ಣು ತರಬ್ಯಾಡ್ರಿ" ಎಂದಳು.

ಯಾಕೆ ಎಂದು ಕೇಳುವ ಧೈರ್ಯವಾಗಲಿಲ್ಲ. ಆಸೆ ಕೈಬಿಟ್ಟಳು, ಅಷ್ಟೇ ಎಂದುಕೊಂಡೆ. ಬಸ್ಸು ಯಲಬುರ್ಗಾ ಮುಟ್ಟುವ ಹೊತ್ತಿಗೆ ನಾನು ಮಷಿನ್ನು ಮಾರಿದ್ದೆ, ಅದನ್ನಿಟ್ಟ ಜಾಗ ಬರಿದಾಗಿತ್ತು, ಅವಳು ಮಾತು ಬಿಟ್ಟು ಕುಳಿತಿದ್ದಳು. ಎಲ್ಲ ಮನಸ್ಸಿನಲ್ಲೇ. ಅವಳು ಪಕ್ಕದಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡುತ್ತಿದ್ದಳು.

ಮರುದಿನ ರವಿವಾರ. ನಾಷ್ಟಾ ಮುಗಿಸುತ್ತಲೇ ಕರೆದಳು. ಮೇಜಿನ ಮೇಲೆ ಹಸಿರು ರೇಷ್ಮೆಯ ಜಂಪರ್ ಪೀಸು ಹಾಸಿತ್ತು. ಓಣಿಯ ಕೊನೆಯ ಮನೆಯ ಟೀಚರದು, ಇವಳು ಬಿದ್ದ ವಾರವೇ ಕೊಟ್ಟು ಹೋದದ್ದು. ಬೇರೆ ಕಡೆ ಕೊಡದೆ ಕಾಯುತ್ತಿದ್ದರು. ಅದರ ಮೇಲೆ ಸೀಮೆಸುಣ್ಣದ ಗೆರೆಗಳು ಬಿದ್ದಿದ್ದವು, ಸಣ್ಣಗೆ, ಒಂದೂ ನಡುಗದೆ.

"ಕತ್ತರಿ ಹಿಡೀರಿ."

"ನಾನಾ?"

"ಮತ್ಯಾರ? ಗೆರಿ ನಾ ಹೊಡದೀನಿ. ಗೆರಿ ಮ್ಯಾಲೆ ಹೋಗ್ರಿ ಸಾಕು."

"ತಪ್ಪಿದ್ರ?"

"ತೋಳು ಗಿಡ್ಡ ಆಕ್ಕೈತಿ. ಈಗಿನ ಫ್ಯಾಶನ್ ಅಂತೀನಿ."

"ರೇಷ್ಮಿ ಐತಿ ಇದು. ಮದ್ಲ ಒಂದು ಹಳೇ ಬಟ್ಟಿ ಮ್ಯಾಲೆ..."

"ಹಿಡೀರಿ ಅಂದ್ರ."

ಹಿಡಿದೆ. ಅದರ ಭಾರ ನನಗೆ ಗೊತ್ತೇ ಇರಲಿಲ್ಲ. ರೇಷ್ಮೆ ಜಾರುತ್ತಿತ್ತು, ಅಂಗೈ ಬೆವರುತ್ತಿತ್ತು, ಬೆವರು ಬಟ್ಟೆಗೆ ತಾಗಿ ಕಲೆಯಾದರೆ ಎಂಬುದೊಂದು ಬೇರೆ. ಕಣ್ಣು ಮುಚ್ಚಿಕೊಳ್ಳಬಾರದೆಂದು ನೆನಪಿಸಿಕೊಂಡು ಮೊದಲ ಕತ್ತರಿ ಹಾಕಿದೆ.

"ಎತ್ತಬ್ಯಾಡ್ರಿ, ಮೇಜಿಗೆ ಹತ್ತಿರಲಿ. ಆಡು ಮೇದಂಗ ಕಚ್ಚಿ ಕಚ್ಚಿ ಬಿಡಬ್ಯಾಡ್ರಿ, ಉದ್ದಕ ಹೋಗ್ರಿ. ಹಾಂ. ಹಂಗ."

ನೇರ ಗೆರೆಯಲ್ಲಿ ಹೇಗೋ ಹೋದೆ. ಕಂಕುಳಿನ ತಿರುವಿನಲ್ಲಿ ಕೈ ನಿಂತೇ ಬಿಟ್ಟಿತು. ಮುಂದಕ್ಕೂ ಒಲ್ಲದು, ಹಿಂದಕ್ಕೂ ಒಲ್ಲದು. ಅವಳು ಒಂದು ಕ್ಷಣ ಕಾದಳು. ಆಮೇಲೆ ಹಿಂದಿನಿಂದ ಬಗ್ಗಿ ತನ್ನ ಬಲಗೈಯನ್ನು ನನ್ನ ಕೈಯ ಮೇಲೆ ಇಟ್ಟು, ಬೆರಳಿನ ಮೇಲೆ ಬೆರಳು ಹೊಂದಿಸಿ, ತಿರುವಿನ ಗುಂಟ ಒತ್ತಿದಳು. ರೇಷ್ಮೆ ಸರ್ರನೆ ಬಿರಿಯಿತು.

"ಅಯ್ಯಯ್ಯ!"

"ಏನಾತ್ರಿ? ಗೆರಿ ತಪ್ಪಿತೇನು?"

"ಇಲ್ಲ. ನೋವಾತು."

"ಎಲ್ಲಿ?"

ನನ್ನ ಕಿರುಬೆರಳು ತೋರಿಸಿದೆ. ಅದರ ಮೇಲಿದ್ದದ್ದು ಅವಳ ಕಿರುಬೆರಳು. ಇಬ್ಬರೂ ನೋಡಿದೆವು. ಅದು ಮಡಚಿತ್ತೋ, ಕತ್ತರಿಯ ಬಳೆಯ ಅಂಚಿಗೆ ನನ್ನ ಚರ್ಮ ಸಿಕ್ಕಿತ್ತೋ, ಹೇಳಲು ಬರುವಂತಿರಲಿಲ್ಲ.

"ಇನ್ನೊಮ್ಮೆ ಒತ್ತು ನೋಡೂಣು."

"ಮದ್ಲ ತೋಳು ಕತ್ತರಸ್ರಿ. ಟೀಚರು ಸಂಜಿಗೆ ಬರ್ತಾರ."

ಅವಳು ಕೈ ತೆಗೆಯಲಿಲ್ಲ. ಇನ್ನೊಂದು ಕಂಕುಳಿನ ತಿರುವು ಮುಂದೆಯೇ ಇತ್ತು. ಈ ಸಲ ನೋವಾದರೆ ಅದು ಬಳೆಯಿಂದ ಆದದ್ದಾಗಬಾರದೆಂದು ನನ್ನ ಕಿರುಬೆರಳನ್ನು ಅದರಿಂದ ತುಸು ಹೊರಗೆ ಸರಿಸಿ, ಅವಳ ಬೆರಳಿನ ಕೆಳಗೆ ಬರುವಂತೆ ಇಟ್ಟುಕೊಂಡು, ಮೆಲ್ಲಗೆ ಆ ಕಡೆಗೆ ಹೊರಟೆ.